ಎದೆ ಯಾರದೆಂದು ಗೊತ್ತಾದರೆ

ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಈ ಗಾದೆಯನ್ನು ನಾವು ಹೆಚ್ಚಾಗಿ ಬಾಯಿ ಮುಚ್ಚಿಸುವುದಕ್ಕೇ ಬಳಸುತ್ತೇವೆ: ನಿನಗ್ಯಾಕೆ ಊರ ಉಸಾಬರಿ, ಸುಮ್ಮನಿರು ಎಂದು. ಆದರೆ ಗಾದೆಯು ಇದ್ದದ್ದು ಹೇಳಿದವನ ಮೇಲೆ ಒಂದು ತಪ್ಪನ್ನೂ ಹೊರಿಸಿಲ್ಲ. ಒದ್ದವನು ‘ನೀನು ಹೇಳಿದ್ದು ಸುಳ್ಳು’ ಎಂದ ಸುದ್ದಿಯೂ ಅದರಲ್ಲಿಲ್ಲ. ಕೊಡಲು ಉತ್ತರವಿಲ್ಲದಾಗ ಕಾಲು ಎದ್ದಿದೆ, ಅಷ್ಟೆ. ಇನ್ನೂ ಒಂದು ಸಂಗತಿ ಅದರೊಳಗೆ ಅಡಗಿದೆ. ಒದೆಯಬೇಕಾದರೆ ಎದೆ ಯಾರದೆಂದು ತಿಳಿದಿರಬೇಕು. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ಅದನ್ನು ಯಾರೂ ಹುಡುಕಬೇಕಾಗಿಲ್ಲ. ಹೇಳಿದವನು ಯಾರೆಂದೇ ತಿಳಿಯದಿದ್ದರೆ?

ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ 2010ರ ಜೂನ್ 6ರಂದು ಖಾಲಿದ್ ಸಯೀದ್ ಎಂಬ 28 ವರ್ಷದ ಯುವಕ ಇಂಟರ್ನೆಟ್ ಕೆಫೆಯೊಂದರಲ್ಲಿದ್ದ. ಮಫ್ತಿಯಲ್ಲಿ ಬಂದ ಇಬ್ಬರು ಪೊಲೀಸರು ಅವನನ್ನು ಹೊರಗೆಳೆದು ಹೊಡೆದು ಕೊಂದರು. ಮಾದಕ ವಸ್ತುವಿನ ಪೊಟ್ಟಣ ನುಂಗಿ ಉಸಿರುಕಟ್ಟಿ ಸತ್ತ ಎಂದು ಸರಕಾರ ಹೇಳಿತು. ಶವಾಗಾರದಲ್ಲಿ ತೆಗೆದ ಚಿತ್ರ ಬೇರೆಯದನ್ನೇ ಹೇಳಿತು: ಒಡೆದ ದವಡೆ, ಗುರುತು ಸಿಗದ ಮುಖ. ದುಬೈಯಲ್ಲಿ ಗೂಗಲ್ ಕಂಪನಿಯ ಕೆಲಸದಲ್ಲಿದ್ದ ವಾಯಿಲ್ ಗೊನಿಮ್ ಆ ಚಿತ್ರ ಕಂಡು ಫೇಸ್‌ಬುಕ್‌ನಲ್ಲಿ ‘ನಾವೆಲ್ಲರೂ ಖಾಲಿದ್ ಸಯೀದ್’ ಎಂಬ ಪುಟ ತೆರೆದರು. ತಮ್ಮ ಹೆಸರು ಹಾಕಲಿಲ್ಲ. ಸತ್ತವನೇ ಮಾತಾಡುತ್ತಿದ್ದಾನೆ ಎಂಬಂತೆ ‘ನಾನು’ ಎಂದು ಬರೆದರು.

1981ರಿಂದ ತುರ್ತು ಪರಿಸ್ಥಿತಿಯ ಕಾನೂನಿನಡಿ ಬದುಕಿದ್ದ ದೇಶ ಅದು. ಗುಂಪುಗೂಡಿದರೆ ಬಂಧನ. ಪುಟ ಓದಿದವರು ಗುಂಪುಗೂಡಲಿಲ್ಲ, ಘೋಷಣೆ ಕೂಗಲಿಲ್ಲ. ಕಪ್ಪು ಬಟ್ಟೆ ತೊಟ್ಟು, ಅಲೆಕ್ಸಾಂಡ್ರಿಯಾದ ಕಡಲ ದಂಡೆಯಲ್ಲೂ ಕೈರೋದ ನೈಲ್ ದಡದಲ್ಲೂ ಒಬ್ಬರಿಂದೊಬ್ಬರು ದೂರ ದೂರ, ರಸ್ತೆಗೆ ಬೆನ್ನು ಮಾಡಿ, ನೀರು ನೋಡುತ್ತ ನಿಂತರು. ಮೌನವಾಗಿ ನೀರು ನೋಡುವವರನ್ನು ಯಾವ ಕಲಮಿನಡಿ ಹಿಡಿಯುವುದು? ಪುಟ ನಡೆಸುವವರು ಹೆಸರು ಮರೆಸಿಕೊಂಡಿದ್ದರು. ಓದುಗರು ಮುಖ ತಿರುಗಿಸಿ ನಿಂತೇ ತಾವಿದ್ದೇವೆ ಎಂದು ಸಾರಿದರು. ಇಡೀ ಪ್ರಕರಣದಲ್ಲಿ ನನ್ನನ್ನು ಮತ್ತೆ ಮತ್ತೆ ಸೆಳೆಯುವುದು ಈ ನಿಲುವು.

ಹೆಸರಿಲ್ಲದವರ ಮಾತನ್ನು ನಂಬುವುದು ಹೇಗೆ ಎನ್ನುವವರಿದ್ದಾರೆ. ಅದಕ್ಕೆ ಗಾದೆಯ ಮೊದಲರ್ಧ ಉತ್ತರ ಕೊಡುತ್ತದೆ. ಅಲ್ಲಿ ಹೇಳಿದ್ದು ‘ಇದ್ದದ್ದು’. ಖಾಲಿದ್‌ನ ಜಜ್ಜಿದ ಮುಖದ ಚಿತ್ರ, ಕಣ್ಣಾರೆ ಕಂಡ ಕೆಫೆ ಮಾಲೀಕನ ಮಾತು ಎಲ್ಲರೆದುರಿಗಿದ್ದವು. ಅವನ್ನು ಒರೆಗೆ ಹಚ್ಚಲು ಗೊನಿಮ್ ಯಾರೆಂದು ಯಾರಿಗೂ ಬೇಕಾಗಿರಲಿಲ್ಲ. ಇಲ್ಲದ್ದನ್ನು ಕಟ್ಟಿ ಹೇಳುವವನಿಗೆ, ಹೆಂಗಸರ ಮಾನ ಹರಾಜು ಹಾಕಲು ಸುಳ್ಳು ಖಾತೆ ತೆರೆದವನಿಗೆ ಈ ಗಾದೆ ಆಸರೆಯಾಗದು. ಅಂಥವನ ಮುಸುಕು ತೆಗೆಸಲು ನ್ಯಾಯಾಲಯವಿದೆ. ಅವನನ್ನು ನೆಪ ಮಾಡಿಕೊಂಡು ಎಲ್ಲರ ಮುಸುಕನ್ನೂ ಕೀಳುವುದನ್ನು ನಾನು ಒಪ್ಪಲಾರೆ. ಅಭಿಪ್ರಾಯ ಸ್ವಾತಂತ್ರ್ಯದ ಕುರಿತ ವಿಶ್ವಸಂಸ್ಥೆಯ ವಿಶೇಷ ವರದಿಗಾರರಾಗಿದ್ದ ಡೇವಿಡ್ ಕೇ ತಮ್ಮ 2015ರ ವರದಿಯಲ್ಲಿ, ಹೆಸರು ಮರೆಸಿ ಮಾತಾಡುವ ಅವಕಾಶಕ್ಕೆ ಬಲವಾದ ರಕ್ಷಣೆ ಬೇಕೆಂದರು.

ಎದೆ ಯಾರದೆಂದು ಕೇಳುವುದು ಸರಕಾರವೊಂದೇ ಆಗಬೇಕಿಲ್ಲ. 2010ರ ನವೆಂಬರಿನಲ್ಲಿ, ಸಂಸತ್ ಚುನಾವಣೆಯ ಹೊತ್ತಿಗೇ, ಫೇಸ್‌ಬುಕ್ ಆ ಪುಟವನ್ನು ತೆಗೆದುಹಾಕಿತು. ಪುಟ ನಡೆಸುವವರು ನಿಜವಾದ ಹೆಸರು ಕೊಟ್ಟಿಲ್ಲ ಎಂಬುದು ಕಾರಣ. ಅಮೆರಿಕದಲ್ಲಿದ್ದ ಮಹಿಳೆಯೊಬ್ಬರು ತಮ್ಮ ಹೆಸರು ಕೊಟ್ಟ ಮೇಲೆ ಪುಟ ಮರಳಿತು. ಕಂಪನಿಯ ನಿಯಮ ಎಲ್ಲರಿಗೂ ಒಂದೇ ಇದ್ದಿರಬಹುದು. ಹೆಸರು ಹೇಳಿದರೆ ತೆರಬೇಕಾದ ಬೆಲೆ ಎಲ್ಲ ದೇಶಗಳಲ್ಲೂ ಒಂದೇ ಆಗಿರಲಿಲ್ಲ. ಆ ಬೆಲೆ ಎಷ್ಟೆಂದು ಎರಡೇ ತಿಂಗಳಲ್ಲಿ ಕಾಣಿಸಿತು. 2011ರ ಜನವರಿ 25ರ ಪ್ರತಿಭಟನೆಗೆ ಆ ಪುಟವೂ ಕರೆ ಕೊಟ್ಟಿತ್ತು. ಅದಾದ ಎರಡೇ ದಿನಕ್ಕೆ ಗೊನಿಮ್‌ರನ್ನು ಕೈರೋದ ಬೀದಿಯಿಂದ ಹೊತ್ತೊಯ್ದರು. 11 ದಿನ ಕಣ್ಣಿಗೆ ಬಟ್ಟೆ ಕಟ್ಟಿ ಕೂರಿಸಿದರು. ಫೆಬ್ರವರಿ 7ರಂದು ಹೊರಬಂದು ಟಿವಿಯಲ್ಲಿ ಕೂತು, ಸತ್ತ ಪ್ರತಿಭಟನಾಕಾರರ ಚಿತ್ರ ಕಂಡು ಅತ್ತರು. 11ರಂದು ಅಧ್ಯಕ್ಷ ಮುಬಾರಕ್ ಅಧಿಕಾರ ಬಿಟ್ಟರು.

ಆಮೇಲಿನ ಕತೆ ಸುಖದ್ದಲ್ಲ. ಸೇನೆ ಮರಳಿ ಬಂತು. ಜಾಲತಾಣದಲ್ಲಿ ಸುಳ್ಳುಸುದ್ದಿ, ದ್ವೇಷ ತುಂಬಿದ್ದನ್ನು ಗೊನಿಮ್ ಅವರೇ ನೋವಿನಿಂದ ಹೇಳಿಕೊಂಡರು.

ಹೆಸರು ಮರೆಸದವರಿಗೂ ಒದೆ ತಪ್ಪಲಿಲ್ಲ. ಅದೇ ಈಜಿಪ್ಟಿನ ಅಲಾ ಅಬ್ದೆಲ್ ಫತ್ತಾಹ್ ತಮ್ಮ ಹೆಸರಿನಲ್ಲೇ ಬರೆಯುತ್ತ ಬಂದವರು. ಇನ್ನೊಬ್ಬರು ಬರೆದದ್ದನ್ನು ಹಂಚಿಕೊಂಡದ್ದಕ್ಕೆ, ‘ಸುಳ್ಳುಸುದ್ದಿ ಹರಡಿದ’ ಆರೋಪದ ಮೇಲೆ 2021ರ ಡಿಸೆಂಬರಿನಲ್ಲಿ ಅವರಿಗೆ 5 ವರ್ಷ ಶಿಕ್ಷೆಯಾಯಿತು. ಮಗನ ಬಿಡುಗಡೆಗಾಗಿ ತಾಯಿ ಲೈಲಾ ಸುವೇಫ್ ತಿಂಗಳುಗಟ್ಟಲೆ ಉಪವಾಸ ಮಾಡಿದರು. 2025ರ ಸೆಪ್ಟೆಂಬರಿನಲ್ಲಿ ಅಲಾ ಮನೆಗೆ ಬಂದರು. ಅಂಥ ಎದೆಗಾರಿಕೆಗೆ ಕೈಮುಗಿಯುತ್ತೇನೆ. ಆದರೆ ಹಸುಗೂಸನ್ನು ಮಡಿಲಲ್ಲಿಟ್ಟುಕೊಂಡ ಗುಮಾಸ್ತೆಯೊಬ್ಬಳು ತನ್ನ ಕಚೇರಿಯ ಲಂಚದ ಲೆಕ್ಕ ಹೊರಗಿಡಲು ಹೊರಟಾಗ, ‘ಮೊದಲು ನಿನ್ನ ಹೆಸರು ಹೇಳು’ ಎಂದು ಕೇಳುವ ಹಕ್ಕು ನನಗೂ ಇಲ್ಲ, ಕಂಪನಿಗೂ ಇಲ್ಲ, ಸರಕಾರಕ್ಕೂ ಇಲ್ಲ. ಅವಳು ಕೊಟ್ಟ ಲೆಕ್ಕ ಸರಿಯೋ ತಪ್ಪೋ ಎಂದು ನೋಡುವುದಷ್ಟೇ ನಮ್ಮ ಪಾಲಿನ ಕೆಲಸ.