ಕಲ್ಲಿನ ಸಾಕ್ಷಿ

ಹೊಸೂರು ಯಾರದು ಎಂಬ ಚರ್ಚೆ ಎದ್ದಾಗಲೆಲ್ಲ ಯಾರಾದರೊಬ್ಬರು ಶಾಸನದ ಮಾತು ತೆಗೆಯುತ್ತಾರೆ. ಕಲ್ಲು ಸುಳ್ಳು ಹೇಳುವುದಿಲ್ಲವಂತೆ. ಹೇಳದಿರಬಹುದು. ಆದರೆ ನಾವು ಕೇಳಿದ್ದಕ್ಕೆಲ್ಲ ಅದು ಉತ್ತರ ಕೊಡುತ್ತದೆಯೇ ಎಂಬುದು ನನ್ನ ಸಂದೇಹ.

ಹದಿಮೂರನೆಯ ಶತಮಾನದಲ್ಲಿ ಹೊಯ್ಸಳ ರಾಮನಾಥ ಕುಂದಾಣಿಯಿಂದ ಈ ಸೀಮೆಯನ್ನು ಆಳಿದ. ಹೊಯ್ಸಳರು ಕನ್ನಡದ ಅರಸರು; ಆದರೂ ಅವನ ಕಾಲದ ಎಷ್ಟೋ ಶಾಸನಗಳು ತಮಿಳಿನಲ್ಲಿವೆ. ಬಿ. ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಕೋಲಾರ ಜಿಲ್ಲೆಯ ಶಾಸನ ಸಂಪುಟದಲ್ಲಿಯೂ ತಮಿಳು ಶಾಸನಗಳು ಧಾರಾಳವಾಗಿವೆ. ಶಾಸನದ ಭಾಷೆಯೇ ನೆಲದ ಹಕ್ಕುಪತ್ರವಾಗುವುದಾದರೆ, ಹೊಸೂರನ್ನು ಕೇಳಲು ಹೋದವರು ಕೋಲಾರವನ್ನು ಕೊಟ್ಟು ಬರಬೇಕಾದೀತು!

ದಾನ ಕೊಟ್ಟವರು ಯಾರು, ಪಡೆದವರು ಯಾರು, ಗದ್ದೆಯ ಎಲ್ಲೆ ಯಾವುದು ಎಂಬುದಕ್ಕೆ ದಾನಶಾಸನ ಒಳ್ಳೆಯ ಸಾಕ್ಷಿ. ಅದನ್ನು ಕೆತ್ತಿಸಿದ್ದೇ ಅದಕ್ಕಾಗಿ. ಆ ಗದ್ದೆಯನ್ನು ಉತ್ತವನು ಮನೆಯಲ್ಲಿ ಯಾವ ಮಾತಾಡುತ್ತಿದ್ದ ಎಂಬುದು ಅದರ ವಿಷಯವಲ್ಲ. ವೀರಗಲ್ಲೂ ಹಾಗೆಯೇ. ತುರುಗಳಿಗಾಗಿ ಕಾದಾಟ ನಡೆಯಿತೆಂದು ಅದು ಹೇಳಿದರೆ ನಂಬಬಹುದು. ಸತ್ತವನ ಪರಾಕ್ರಮವನ್ನು ಅವನ ಕಡೆಯವರು ನಿಲ್ಲಿಸಿದ ಕಲ್ಲಿನಿಂದಲೇ ಅಳೆಯಲಾಗದು.

ಜನಗಣತಿಯಾದರೋ ಜನರನ್ನೇ ಕೇಳುತ್ತದೆ. ಹಾಗಾಗಿ ಈ ಪ್ರಶ್ನೆಗೆ ಅದು ಹತ್ತಿರದ ಸಾಕ್ಷಿ. ಆದರೆ ತಾಯ್ನುಡಿಯ ಅಂಕಣದಲ್ಲಿ ಒಬ್ಬನಿಗೆ ಒಂದೇ ಭಾಷೆ. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು ಆಡುವ ನಮ್ಮ ಕಡೆಯವರು ಅದರಲ್ಲಿ ಪೂರ್ತಿ ಕಾಣುವುದಿಲ್ಲ. ಬಲ್ಲ ಇತರ ಭಾಷೆಗಳನ್ನು ಬೇರೆಯಾಗಿ ಕೇಳುತ್ತಾರೆ, ನಿಜ; ವಾದಕ್ಕಿಳಿದವರು ಆ ಅಂಕಣವನ್ನು ನೋಡುವುದು ಕಡಿಮೆ.

ಆದ್ದರಿಂದ ಸಾಕ್ಷಿ ಎಷ್ಟು ಹಳೆಯದು ಎಂಬುದಕ್ಕಿಂತ, ಯಾವ ಮಾತಿಗೆ ಸಾಕ್ಷಿ ಎಂದು ಮೊದಲು ಕೇಳಬೇಕು. ಆಮೇಲೆ ನಮ್ಮನ್ನು ನಾವೇ ಕೇಳಿಕೊಳ್ಳಬೇಕು: ಇದೇ ಕಲ್ಲು ಎದುರು ಪಕ್ಷದ ಭಾಷೆಯಲ್ಲಿದ್ದರೆ ಇಷ್ಟೇ ಬೇಗ ಒಪ್ಪುತ್ತಿದ್ದೆವೇ? ಈ ಎರಡನೆಯ ಪ್ರಶ್ನೆಗೆ ಪಾಂಡಿತ್ಯ ಬೇಡ, ಪ್ರಾಮಾಣಿಕತೆ ಸಾಕು. ಕಷ್ಟವಿರುವುದೂ ಅಲ್ಲಿಯೇ.

ಇದು ಬರಿಯ ತರ್ಕದ ಮಾತಲ್ಲ. 2006ರ ಕಾಯಿದೆ ತಮಿಳುನಾಡಿನ ಶಾಲೆಗಳಲ್ಲಿ ತಮಿಳನ್ನು ಹಂತಹಂತವಾಗಿ ಕಡ್ಡಾಯಗೊಳಿಸಿದ ಮೇಲೆ ಹೊಸೂರು, ತಳಿ, ಡೆಂಕಣಿಕೋಟೆ ಕಡೆಯ ಕನ್ನಡ ಮಕ್ಕಳ ಓದು ಪ್ರಶ್ನೆಯಾಗಿದೆ. ಅವರ ಪರವಾಗಿ ಹೊಯ್ಸಳರ ಕಲ್ಲನ್ನು ನಿಲ್ಲಿಸಿದರೆ, ಪಕ್ಕದ ಹೊಲದಲ್ಲಿ ಸಿಕ್ಕ ತಮಿಳು ಕಲ್ಲು ಆ ವಾದವನ್ನು ಬೀಳಿಸುತ್ತದೆ. ಮಗು ಮನೆಯಲ್ಲಿ ಕನ್ನಡ ಆಡುತ್ತದೆ, ಕನ್ನಡ ತರಗತಿಯಲ್ಲಿ ಕುಳಿತಿದೆ. ಅದರ ಹಕ್ಕಿಗೆ ಶಾಲೆಯ ಹಾಜರಿ ಪುಸ್ತಕದಲ್ಲಿರುವ ಹೆಸರೇ ಸಾಕ್ಷಿಯಾಗಬೇಕು. 1956ರಲ್ಲಿ ಗೆರೆ ಎಳೆದದ್ದನ್ನು ಕಂಡ ಕಾಸರಗೋಡಿನ ಓದುಗರಿಗೆ, ಕನ್ನಡಿಗರಿರಲಿ ಮಲಯಾಳಿಗಳಿರಲಿ, ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.