ಸುಮ್ಮನೆ ಬಿಡುವುದಕ್ಕೆ ಯಾರ ಖರ್ಚು?

ಕಾಡುಪ್ರಾಣಿಗಳನ್ನು ಅವುಗಳ ಪಾಡಿಗೆ ಬಿಟ್ಟುಬಿಡಿ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಮಾತು ಕೆಟ್ಟದ್ದೆಂದಲ್ಲ, ಆಡಿದವರು ಅಲ್ಲಿಗೆ ತಮ್ಮ ಕರ್ತವ್ಯ ಮುಗಿಯಿತು ಎಂದುಕೊಳ್ಳುತ್ತಾರೆ ಎಂದು. ಪಾಕಿಸ್ತಾನದಲ್ಲಿ ಮಾರ್ಖೋರ್ ಬೇಟೆಯ ಪರವಾನಗಿ ಹರಾಜಾದಾಗ ಈ ಮಾತು ಮತ್ತೆ ಎದ್ದು ಬರುತ್ತದೆ. 2024ರ ಕೊನೆಯಲ್ಲಿ ಚಿತ್ರಾಲಿನ ಒಂದೇ ಒಂದು ಗಂಡು ಮಾರ್ಖೋರನ್ನು ಹೊಡೆಯಲು ಅಮೆರಿಕದ ಬೇಟೆಗಾರನೊಬ್ಬ 2,71,000 ಡಾಲರ್ ತೆತ್ತ. ತಿರುಚಿದ ಕೊಂಬಿನ ಈ ಕಾಡುಮೇಕೆ ಆ ದೇಶದ ರಾಷ್ಟ್ರೀಯ ಪ್ರಾಣಿ. ಸುದ್ದಿ ಓದಿದವರಿಗೆ ಹೊಟ್ಟೆ ತೊಳಸುವುದು ಸಹಜ, ನನಗೂ ತೊಳಸಿತು. ಆದರೆ ಹೊಟ್ಟೆ ತೊಳಸಿದ್ದೇ ವಾದವಾಗುವುದಿಲ್ಲ.

ಸುಖದುಃಖಗಳನ್ನು ಕೂಡಿ ಕಳೆಯುವ ಉಪಯುಕ್ತತಾವಾದಿಗಳು ಇಲ್ಲಿ ಏನು ಹೇಳುತ್ತಾರೆಂದು ಮೊದಲೇ ಗೊತ್ತು. ಬೇಟೆಗಾರನ ಶೀಲವನ್ನು ತೂಗುವವರ ಮಾತೂ ಗೊತ್ತು. ಅವರ ಕಣ್ಣು ಬೇಟೆಗಾರನ ಮೇಲೆ, ಬೆಟ್ಟದ ಮೇಲಲ್ಲ. ನನ್ನನ್ನು ಕಾಡುವವನು ಟಾಮ್ ರೇಗನ್. 1983ರಲ್ಲಿ 'ದಿ ಕೇಸ್ ಫಾರ್ ಆನಿಮಲ್ ರೈಟ್ಸ್' ಬರೆದ ಅಮೆರಿಕದ ಈ ತತ್ವಜ್ಞಾನಿಯ ನಿಲುವು ಕಡಿದರೆ ತುಂಡಾಗುವಂಥದ್ದಲ್ಲ. ನೆನಪು, ಬಯಕೆ, ಭಯ ಇರುವ ಪ್ರತಿ ಪ್ರಾಣಿಯೂ ತನ್ನದೇ ಬದುಕೊಂದನ್ನು ಬದುಕುತ್ತಿದೆ, ಆ ಬದುಕು ಚೆನ್ನಾಗಿದೆಯೋ ಕೆಟ್ಟಿದೆಯೋ ಎಂಬುದು ಅದಕ್ಕೇ ಮುಖ್ಯ ಎನ್ನುತ್ತಾನೆ ಅವನು. ಹಾಗಾಗಿ ಹಿಂಡಿನ ಒಳಿತಿಗೆಂದು ಒಂದನ್ನು ಬಲಿ ಕೊಡುವಂತಿಲ್ಲ. ಅಳಿವಿನಂಚಿನ ಸಂತತಿಗೆ ಸೇರಿದ್ದೆಂಬ ಕಾರಣಕ್ಕೆ ಯಾವ ಪ್ರಾಣಿಯ ಹಕ್ಕೂ ಹೆಚ್ಚುವುದಿಲ್ಲ, ತಗ್ಗುವುದೂ ಇಲ್ಲ. ವನ್ಯಜೀವಿ ಇಲಾಖೆಗಳ ಕೆಲಸ ಮನುಷ್ಯ ಬೇಟೆಗಾರರನ್ನು ದೂರವಿಟ್ಟು ಪ್ರಾಣಿಗಳನ್ನು ಅವುಗಳ ಪಾಡಿಗೆ ಬಿಡುವುದಷ್ಟೇ.

ದೂರವಿಡುವವರು ಯಾರು? ಇಲ್ಲಿಯೇ ನನ್ನ ತಕರಾರು ಶುರುವಾಗುವುದು.

ಬಲೂಚಿಸ್ತಾನದ ಟೋರ್ಘರ್ ಬೆಟ್ಟಗಳನ್ನು ನೋಡಿ. ಪಕ್ಕದಲ್ಲೇ ಅಫ್ಘಾನ್ ಯುದ್ಧ. ಎಂಬತ್ತರ ದಶಕದ ಹೊತ್ತಿಗೆ ಬಂದೂಕು, ತೋಟಾ ಎರಡೂ ಅಗ್ಗವಾಗಿ ಕೈಕೈಗೆ ಬಂದಿದ್ದವು. ಮಾರ್ಖೋರ್ ನೂರಕ್ಕಿಂತ ಕಡಿಮೆ ಉಳಿದಿವೆ ಎಂಬ ಅಂದಾಜಿತ್ತು. ಅಲ್ಲಿನ ಪಠಾಣರ ಮುಖಂಡ ನವಾಬ್ ತೈಮೂರ್ ಶಾ ಜೋಗೆಜೈ ಕಂಡುಕೊಂಡ ದಾರಿ ಇದು: ಕದ್ದು ಬೇಟೆಯಾಡುತ್ತಿದ್ದ ಊರಿನವರನ್ನೇ ಕಾವಲಿಗೆ ನೇಮಿಸುವುದು, ವರ್ಷಕ್ಕೆ ಬೆರಳೆಣಿಕೆಯ ಮುದಿ ಗಂಡುಗಳನ್ನು ಹೊರದೇಶದ ಬೇಟೆಗಾರರಿಗೆ ಬಿಟ್ಟು ಆ ಹಣದಿಂದ ಸಂಬಳ ಕೊಡುವುದು. ತೊಂಬತ್ತರ ದಶಕ ಮುಗಿಯುವಷ್ಟರಲ್ಲಿ ಎಣಿಕೆ ಸಾವಿರ ದಾಟಿತ್ತು. 1997ರಲ್ಲಿ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಲಗಾಮು ಹಾಕುವ ಸೈಟಿಸ್ ಒಪ್ಪಂದದ ದೇಶಗಳು ಪಾಕಿಸ್ತಾನಕ್ಕೆ ವರ್ಷಕ್ಕೆ ಆರು ಮಾರ್ಖೋರ್ ಟ್ರೋಫಿಗಳ ರಫ್ತಿಗೆ ಒಪ್ಪಿದವು, 2002ರಲ್ಲಿ ಅದು ಹನ್ನೆರಡಾಯಿತು. ಪರವಾನಗಿ ಶುಲ್ಕದಲ್ಲಿ ನೂರಕ್ಕೆ ಎಂಬತ್ತು ಪಾಲು ಸ್ಥಳೀಯ ಸಮುದಾಯಕ್ಕೆ ಎಂಬುದು ಅಲ್ಲಿನ ನಿಯಮ. 2015ರಲ್ಲಿ ಅಂತರರಾಷ್ಟ್ರೀಯ ಸಂರಕ್ಷಣಾ ಸಂಸ್ಥೆ ಐಯುಸಿಎನ್ ಮಾರ್ಖೋರನ್ನು ಅಳಿವಿನಂಚಿನ ಪಟ್ಟಿಯಿಂದ ತೆಗೆದು, ಅಪಾಯದ ಹತ್ತಿರವಿರುವ ಪ್ರಾಣಿಗಳ ಸಾಲಿಗೆ ಸೇರಿಸಿತು.

ಸುಮ್ಮನೆ ಬಿಡುವುದು ಖರ್ಚಿಲ್ಲದ ಕೆಲಸ ಎಂದು ಭಾವಿಸಿದವನು ಬೆಟ್ಟದ ಬುಡದಲ್ಲಿ ಬದುಕಿದವನಲ್ಲ. ತೀರ್ಥಹಳ್ಳಿ ಕಡೆಯ ನಮ್ಮೂರಿನಲ್ಲಿ ಭತ್ತದ ತೆನೆಗೆ ಹಾಲು ತುಂಬುವ ಹೊತ್ತಿಗೆ ಹಂದಿ ನುಗ್ಗುತ್ತದೆ. ಚಿಕ್ಕಪ್ಪ ಮಾಳದ ಮೇಲೆ ಕೂತು, ಗರ್ನಾಲು ಹೊಡೆದು, ನಿದ್ದೆಗೆಟ್ಟು ಕಾದರು. ಕೊನೆಗೆ ಕಾಡಂಚಿನ ಗದ್ದೆಯನ್ನು ಹಡ್ಲು ಬಿಟ್ಟರು. ಪರಿಹಾರದ ಅರ್ಜಿಗೆ ಓಡಾಡಿದ ಖರ್ಚು ಪರಿಹಾರಕ್ಕಿಂತ ಹೆಚ್ಚಾಯಿತು. ಹಂದಿಯ ಹಕ್ಕನ್ನು ಬೆಂಗಳೂರಿನ ಗೆಳೆಯರು ನನಗೆ ವಿವರಿಸುವಾಗ ಆ ಗದ್ದೆ ಕಣ್ಣಮುಂದೆ ಬರುತ್ತದೆ. ಹಕ್ಕು ಹಂದಿಯದ್ದು, ಮಾತು ಗೆಳೆಯರದ್ದು, ಹಡ್ಲು ಬಿದ್ದ ಗದ್ದೆ ಮಾತ್ರ ಚಿಕ್ಕಪ್ಪನದ್ದು.

ರೇಗನ್ ಬದುಕಿದ್ದರೆ ಇದಕ್ಕೆ ಏನನ್ನಬಹುದು ಎಂದು ಊಹಿಸಬಲ್ಲೆ. ಕಾವಲಿಗೆ ಹಣ ಬೇಕೆಂಬುದು ನಿಜ, ಆ ಹಣ ಕೊಲೆಯಿಂದಲೇ ಬರಬೇಕೆಂದು ಯಾರು ಹೇಳಿದರು ಎಂದು ಅವನು ಕೇಳುತ್ತಾನೆ. ಈ ಪ್ರಶ್ನೆಯ ಮುಂದೆ ನನ್ನ ವಾದ ತೊಡರುತ್ತದೆ, ಅದೂ ದೂರದ ಬಲೂಚಿಸ್ತಾನದಲ್ಲಲ್ಲ, ಪಕ್ಕದ ಮುನ್ನಾರಿನಲ್ಲಿ.

ಮುನ್ನಾರಿನ ಎರವಿಕುಲಂ ಒಂದು ಕಾಲಕ್ಕೆ ಚಹಾ ತೋಟದ ದೊರೆಗಳ ಬೇಟೆ ಬಯಲು. ಅವರದೇ ಸಂಘ ಬೇಟೆಗೆ ಮಿತಿ ಹಾಕಿತ್ತು, ಮುದುವನ್ ಜನರನ್ನು ಕಾವಲಿಗೆ ಇಟ್ಟಿತ್ತು. ನೀಲಗಿರಿ ಥಾರ್ ಎಂಬ ನಮ್ಮ ಪಶ್ಚಿಮ ಘಟ್ಟದ ಕಾಡುಮೇಕೆ ಅಲ್ಲಿ ಉಳಿದುಕೊಂಡದ್ದಕ್ಕೆ ಈ ವ್ಯವಸ್ಥೆ ಒಂದು ಕಾರಣ. ಇಷ್ಟು ನನ್ನ ಪಕ್ಷಕ್ಕೆ. ಆದರೆ 1975ರಲ್ಲಿ ಅದು ಅಭಯಾರಣ್ಯವಾಯಿತು, 1978ರಲ್ಲಿ ರಾಷ್ಟ್ರೀಯ ಉದ್ಯಾನ. ಕೋವಿ ಹೋಯಿತು, ಥಾರ್ ಹೋಗಲಿಲ್ಲ. ಇವತ್ತು ಜಗತ್ತಿನಲ್ಲೇ ಅದರ ಅತಿ ದೊಡ್ಡ ಹಿಂಡುಗಳು ಅಲ್ಲಿಯೇ ಇವೆ. ಅಲ್ಲಿನ ರಾಜಮಲೆಯ ರಸ್ತೆಯಲ್ಲಿ ಮಗಳ ಕೈ ಹಿಡಿದು ನಿಂತಿದ್ದಾಗ ಒಂದು ಹೆಣ್ಣು ಥಾರ್ ಮರಿಯೊಂದಿಗೆ ನಮ್ಮ ಪಕ್ಕದಲ್ಲೇ ಮೇಯುತ್ತ ಸಾಗಿತು, ಹೆದರಿಕೆಯ ಸುಳಿವೇ ಇರಲಿಲ್ಲ. ಅಂದರೆ ಉಳಿಸಿದ್ದು ಗುಂಡಲ್ಲ, ಕಾವಲು. ಇದನ್ನು ರೇಗನ್‌ಗೆ ಒಪ್ಪಿಸಲೇಬೇಕು.

ಒಪ್ಪಿಸಿದ ಮೇಲೂ ಪೂರ್ತಿ ಸೋಲಲು ಮನಸ್ಸಿಲ್ಲ. ರಾಜಮಲೆಗೆ ಟಿಕೆಟ್ ಕೊಂಡು ಬಸ್ಸು ಹತ್ತುವ ನಮ್ಮಂಥ ಸಾವಿರಾರು ಜನರಿದ್ದಾರೆ. ಟೋರ್ಘರಿಗೆ ಯಾರು ಹೋಗುತ್ತಾರೆ? ಕಾಶ್ಮೀರದ ಕಾಜಿನಾಗ್‌ನಲ್ಲಿ, ಗಡಿರೇಖೆಯ ಬಳಿ, ಭಾರತದ ಕೆಲವೇ ನೂರು ಮಾರ್ಖೋರ್‌ಗಳಿವೆ. 1972ರ ವನ್ಯಜೀವಿ ಕಾಯಿದೆ ಬೇಟೆಯನ್ನು ನಿಷೇಧಿಸಿದೆ, ಸರಿಯಾಗಿಯೇ. ಆದರೆ ಆ ಇಳಿಜಾರುಗಳಲ್ಲೇ ಬಕರವಾಲರೆಂಬ ಅಲೆಮಾರಿ ಪಶುಪಾಲಕರ ಕುರಿಮೇಕೆಗಳೂ ಬೇಸಿಗೆಯಲ್ಲಿ ಮೇಯಬೇಕು. ಹುಲ್ಲು ಬಿಟ್ಟುಕೊಡಿ ಎಂದು ನಾವು ಕೇಳುವುದು ಅವರನ್ನೇ. ಅದಕ್ಕೆ ಬದಲು ಏನು ಕೊಡುತ್ತೇವೆಂದು ಹೇಳುವುದಿಲ್ಲ.

ಹಣದ ದಾರಿಯನ್ನು ಹೊಗಳುವವರ ಜೊತೆಗೂ ಬಹಳ ದೂರ ನಡೆಯಲಾರೆ. ಬೆಲೆ ಇರುವುದು ಕೊಂಬಿಗೆ. ಮಾರ್ಖೋರ್ ಲಕ್ಷಗಟ್ಟಲೆ ಡಾಲರ್ ಆದರೆ ಅದೇ ಬೆಟ್ಟಸಾಲಿನ ಐಬೆಕ್ಸ್ ಕೆಲವು ಸಾವಿರಕ್ಕೆ ಸಿಗುತ್ತದೆ, ತೋಳಕ್ಕಂತೂ ಬೆಲೆಯೇ ಇಲ್ಲ. ಮುದಿ ಗಂಡು ಹೇಗೂ ಸಾಯುವುದೇ ಎಂಬ ಸಮಾಧಾನವೂ ಗಟ್ಟಿಯಾದದ್ದಲ್ಲ. ಕೆನಡಾದ ರ್ಯಾಮ್ ಮೌಂಟನ್‌ನ ಕಾಡುಕುರಿಗಳ ಮೇಲೆ ಮೂವತ್ತು ವರ್ಷ ನಡೆದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ದೊಡ್ಡ ಕೊಂಬಿನ ಟಗರುಗಳನ್ನೇ ಆರಿಸಿ ಹೊಡೆದಾಗ ಮುಂದಿನ ತಲೆಮಾರುಗಳ ಕೊಂಬು ಕಿರಿದಾಯಿತೆಂದು ಅದು ತೋರಿಸಿತು. ವರ್ಷಕ್ಕೆ ಹನ್ನೆರಡರ ಮಿತಿಯಲ್ಲಿ ಹಾಗಾಗಲಿಕ್ಕಿಲ್ಲ, ಆದರೆ ಮಿತಿಯನ್ನು ಏರಿಸಿ ಎಂಬ ಒತ್ತಡ ಹಣದ ಬೆನ್ನಿಗೇ ಬರುತ್ತದೆ.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ಬಂಡೆಯ ತುದಿಯಲ್ಲಿ ಗುಂಡು ತಗುಲಿದ ಆ ಒಂದು ಮೇಕೆ ಹಾಗೇ ಉಳಿಯುತ್ತದೆ. ಅದರ ಸಾವಿನಿಂದ ಕಾವಲುಗಾರರ ಸಂಬಳವಾಯಿತು, ಇತರ ಮರಿಗಳು ಬದುಕಿದವು. ಅದಕ್ಕೆ ಏನಾಯಿತು ಎಂದು ರೇಗನ್ ಕೇಳಿದರೆ ಕೊಡಲು ನನ್ನಲ್ಲಿ ಉತ್ತರವಿಲ್ಲ. ಅವನ ನಿಲುವನ್ನು ಮುರಿಯಬೇಕೆಂದು ಹೊರಟವನು ಅದರ ಅರ್ಧವನ್ನು ಒಪ್ಪಿಕೊಂಡು ನಿಂತಿದ್ದೇನೆ.

ಆದರೂ ಟೋರ್ಘರಿನ ಬೇಟೆಯನ್ನು ಈಗಲೇ ನಿಲ್ಲಿಸಿ ಎಂಬ ಅರ್ಜಿ ನನ್ನ ಮುಂದೆ ಬಂದರೆ ಸಹಿ ಹಾಕುವುದಿಲ್ಲ. ಅಲ್ಲಿನ ಕಾವಲುಗಾರರ ಮುಂದಿನ ವರ್ಷದ ಸಂಬಳ ಎಲ್ಲಿಂದ ಬರುತ್ತದೆಂದು ಅದೇ ಹಾಳೆಯಲ್ಲಿ ಬರೆದು ತಂದರೆ ಹಾಕುತ್ತೇನೆ.