ಆಟದಲ್ಲಿ ಹೇಳಿದ ಕಣಿ

ಕಂಪ್ಯೂಟರ್ ಮುಂದೆ ಕೂತು ದೇಶದೇಶಗಳ ಅಪರಿಚಿತರೊಡನೆ ಕೂಡಿ ಆಡುವ ಆಟಗಳು ನಮ್ಮ ಸದಸ್ಯರ ಮನೆಗಳಿಗೆ ಹೊಸತೇನಲ್ಲ. ಆದರೆ ಆ ಆಟಗಳೊಳಗೆ ಕತ್ತಿ ಹಿಡಿಯದೆ, ರಾಕ್ಷಸರನ್ನು ಕೊಲ್ಲದೆ, ಸಂತೆಯ ಮೂಲೆಯಲ್ಲೋ ಹೆಂಡದಂಗಡಿಯ ಬೆಂಚಿನ ಮೇಲೋ ಕೂತು ಬಂದವರಿಗೆಲ್ಲ ಭವಿಷ್ಯ ಹೇಳುವ ಆಟಗಾರರೂ ಇದ್ದಾರೆಂಬುದು ನಮ್ಮಲ್ಲಿ ಎಷ್ಟೋ ಹಿರಿಯರಿಗೆ ತಿಳಿದಿರಲಾರದು. ತಿಳಿದವರು ಕೇಳುವ ಪ್ರಶ್ನೆ ಒಂದೇ: ಇಲ್ಲದ ದಿವ್ಯದೃಷ್ಟಿಯನ್ನು ಇದೆಯೆಂದು ನಟಿಸಿ ಮಾತನಾಡುವುದು ಸುಳ್ಳಲ್ಲವೆ? ನಮಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಇನ್ನೊಂದು ಪ್ರಶ್ನೆ. ಆ ಮಾತಿನ ಹೊಣೆ ಯಾರದು, ವೇಷದ್ದೋ ವೇಷ ಹಾಕಿದವರದ್ದೋ?

ಹಲವರು ದೂರದೂರದಿಂದ ಒಂದೇ ಕಲ್ಪಿತ ಲೋಕಕ್ಕೆ ಬಂದು ಆಡುವ ಆಟಗಳಿಗೆ ದಾರಿ ಹಾಕಿದ್ದು 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಆರಂಭಿಸಿ ರಿಚರ್ಡ್ ಬಾರ್ಟಲ್ ಬೆಳೆಸಿದ 'ಮಡ್' ಎಂಬ ಆಟ. ಅದರಲ್ಲಿ ಚಿತ್ರವೇ ಇರಲಿಲ್ಲ, ಬರೀ ಅಕ್ಷರ. 2004ರಲ್ಲಿ ಬಂದ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್'ನಲ್ಲಿ ಪಾತ್ರ ಕಟ್ಟಿ ಮಾತನಾಡುವವರಿಗೆಂದೇ ಪ್ರತ್ಯೇಕ ಸರ್ವರ್‌ಗಳಿವೆ. ಅಲ್ಲಿ ಒಂದು ಆಜ್ಞೆ ಟೈಪ್ ಮಾಡಿದರೆ ದಾಳ ಉರುಳಿಸಿದಂತೆ ಒಂದು ಸಂಖ್ಯೆ ಬೀಳುತ್ತದೆ. ಟ್ಯಾರೋ ಕಟ್ಟಿನಲ್ಲಿ 78 ಎಲೆಗಳು; ಆದ್ದರಿಂದ 1ರಿಂದ 78ರೊಳಗೆ ಸಂಖ್ಯೆ ಬೀಳಿಸಿ, ಬಂದ ಎಲೆಯ ಅರ್ಥ ಹೇಳಿದರೆ ಕಣಿ ಮುಗಿಯಿತು. ಪಾತ್ರವನ್ನು ಬಿಟ್ಟು ಸ್ವಂತ ಮಾತು ಆಡಬೇಕಾದಾಗ ಅದನ್ನು ಜೋಡಿ ಕಂಸದೊಳಗೆ ಬರೆಯುವುದು ಈ ಆಟಗಾರರ ರೂಢಿ. ಈ ಪುಟ್ಟ ರೂಢಿಯ ಬೆಲೆ ಮುಂದೆ ತಿಳಿಯುತ್ತದೆ.

ಸುಳ್ಳಿನ ವಿಚಾರವನ್ನು ಮೊದಲು ನೋಡೋಣ. ಯಕ್ಷಗಾನದ ಶ್ರೀನಿವಾಸ ಕಲ್ಯಾಣವನ್ನು ನೆನೆಯಿರಿ. ಶ್ರೀನಿವಾಸನೇ ಕೊರವಂಜಿಯ ವೇಷ ಹಾಕಿ ಆಕಾಶರಾಜನ ಅರಮನೆಗೆ ಹೋಗಿ, ಪದ್ಮಾವತಿಯ ಮದುವೆಯ ಕಣಿ ಹೇಳುತ್ತಾನೆ. ಅಂದರೆ ತನಗೆ ಬೇಕಾದ ಮದುವೆಯನ್ನೇ ಭವಿಷ್ಯವೆಂದು ನುಡಿಯುತ್ತಾನೆ! ಸಭಿಕರಾದ ನಮಗೆ ಗುಟ್ಟು ಗೊತ್ತು, ಆದ್ದರಿಂದ ನಗುತ್ತೇವೆ. ರಾಣಿಗೆ ಗೊತ್ತಿಲ್ಲ, ಆದ್ದರಿಂದ ನಂಬುತ್ತಾಳೆ. ಸಭಿಕರಿಗೆ ಯಾರೂ ಸುಳ್ಳು ಹೇಳಲಿಲ್ಲ. ರಾಣಿಗೆ ಹೇಳಿದ್ದು ಏನೆಂಬುದು ಮಾತ್ರ ಚರ್ಚೆಗೆ ಬಿಟ್ಟ ವಿಷಯ. ಕಂಪ್ಯೂಟರಿನ ಆಟದ ತೊಡಕು ಇರುವುದು ಇಲ್ಲೇ. ಅಲ್ಲಿ ಸಭಿಕರೆಂಬ ಬೇರೆ ಗುಂಪಿಲ್ಲ. ಎಲ್ಲರೂ ರಂಗದ ಮೇಲೇ ಇದ್ದಾರೆ. ಎದುರಿಗೆ ಬಂದು ಕೂತವರು ಗುಟ್ಟು ಬಲ್ಲ ಸಭಿಕರೋ, ನಂಬಿ ಬಂದ ರಾಣಿಯೋ ಎಂಬುದು ಮುಖ ಕಾಣದ ಆ ಜಾಗದಲ್ಲಿ ಸುಲಭವಾಗಿ ತಿಳಿಯುವುದಿಲ್ಲ.

ಆಟದೊಳಗಿನ ಭವಿಷ್ಯಕ್ಕೆ ಇನ್ನೊಂದು ವಿಶೇಷವಿದೆ. ವಾರ್‌ಕ್ರಾಫ್ಟಿನ ಜಾತ್ರೆಯೊಂದರಲ್ಲಿ ಸೇಜ್ ಎಂಬ ಕಣಿಗಾರನಿದ್ದಾನೆ. ಅವನನ್ನು ನಡೆಸುವುದು ಮನುಷ್ಯರಲ್ಲ, ಯಂತ್ರ. ಅವನು ಧರ್ಮಸಂಕಟದ ಪ್ರಶ್ನೆಗಳನ್ನು ಕೇಳಿ, ಉತ್ತರಕ್ಕೆ ತಕ್ಕಂತೆ ಸ್ವಲ್ಪ ಹೊತ್ತಿನ ಬಲವೊಂದನ್ನು ಕೊಡುತ್ತಾನೆ. ಅದು ಖಂಡಿತ ಫಲಿಸುತ್ತದೆ, ಏಕೆಂದರೆ ಹಾಗೆ ಫಲಿಸಲೆಂದೇ ಬರೆದ ಪ್ರೋಗ್ರಾಂ ಅದು. ಆಟಗಾರರು ಹೇಳುವ ಕಣಿಗೆ ಆ ಶಕ್ತಿ ಇಲ್ಲ. "ನಿನ್ನ ಕಳೆದುಹೋದ ಅಣ್ಣ ಉತ್ತರದಿಂದ ಬರುತ್ತಾನೆ" ಎಂದರೆ, ಉಳಿದ ಆಟಗಾರರು ಮನಸ್ಸು ಮಾಡಿ ಆ ಕಥೆಯನ್ನು ಕಟ್ಟಿದರೆ ಮಾತ್ರ ಅಣ್ಣ ಬಂದಾನು. ಹಾಗಾಗಿ ಅಲ್ಲಿ ಭವಿಷ್ಯ ನುಡಿಯುವುದು ಒಂದು ಬಗೆಯ ಕೋರಿಕೆಯೇ ಹೊರತು ಮುಂದಿನದನ್ನು ಕಾಣುವುದಲ್ಲ. ಬಲ್ಲ ಆಟಗಾರರು "ನಿನ್ನ ಗೆಳೆಯ ನಾಳೆ ದ್ರೋಹ ಮಾಡುತ್ತಾನೆ" ಎಂದು ಖಡಾಖಂಡಿತ ಹೇಳುವುದಿಲ್ಲ. ಗೆಳೆಯನ ಪಾತ್ರವನ್ನು ಬೇರೊಬ್ಬರು ಆಡುತ್ತಿರುತ್ತಾರಲ್ಲ, ಅವರ ಕೈ ಕಟ್ಟಿಹಾಕಿದಂತಾಗುತ್ತದೆ. "ನಿನ್ನ ಹತ್ತಿರದ ನೆರಳೊಂದು ಉದ್ದವಾಗುತ್ತಿದೆ" ಎಂದು ಮಬ್ಬಾಗಿ ಹೇಳಿ ಸುಮ್ಮನಾಗುತ್ತಾರೆ. ಆಟದಲ್ಲಿ ಮಬ್ಬು ಮಾತು ಸೌಜನ್ಯ. ಅದು ಕೇಳಿದವರಿಗೆ ಸ್ವಾತಂತ್ರ್ಯ ಬಿಡುತ್ತದೆ.

ಅದೇ ಮಬ್ಬು ಮಾತು ಬದುಕಿಗೆ ಇಳಿದರೆ ಬೇರೆಯೇ ಆಗುತ್ತದೆ. 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ ತನ್ನ 39 ವಿದ್ಯಾರ್ಥಿಗಳಿಗೆ 'ಇದು ನಿಮ್ಮ ಸ್ವಭಾವದ ವಿಶ್ಲೇಷಣೆ' ಎಂದು ಒಂದೊಂದು ಹಾಳೆ ಕೊಟ್ಟ. ವರ್ಣನೆ ಎಷ್ಟು ಸರಿಯಾಗಿದೆಯೆಂದು ಅವರು 5ಕ್ಕೆ ಸರಾಸರಿ 4.26 ಅಂಕ ಕೊಟ್ಟರು. ನಿಜವಾಗಿ ಎಲ್ಲರ ಹಾಳೆಯಲ್ಲೂ ಇದ್ದದ್ದು ಒಂದೇ ಬರಹ, ಅದೂ ಜ್ಯೋತಿಷ್ಯದ ಪುಸ್ತಕದಿಂದ ಆಯ್ದ ವಾಕ್ಯಗಳು. ಮಬ್ಬಾಗಿ ಹೇಳಿದ್ದನ್ನು ಕೇಳುವವರೇ ತಮ್ಮ ಸುಖದುಃಖಗಳಿಂದ ತುಂಬಿಕೊಳ್ಳುತ್ತಾರೆ. ಹೇಳಿದವರು ಮಾತ್ರ ಏನಾದರೂ ನುಣುಚಿಕೊಳ್ಳಬಹುದು.

ಈಗ ಹೀಗೆ ಭಾವಿಸಿ. ಕಣಿ ಹೇಳುವ ಪಾತ್ರದ ಎದುರು ಯೋಧನ ವೇಷದವನೊಬ್ಬ ಕೂರುತ್ತಾನೆ. ನಾಲ್ಕು ಮಾತು ಆಟದ್ದೇ ಆಗುತ್ತವೆ. ಐದನೆಯದು, "ನನಗೆ ಈ ಓದು ಬೇಡವಾಗಿದೆ, ಕಾಲೇಜು ಬಿಟ್ಟುಬಿಡಲೆ?" ಯೋಧನಿಗೆಲ್ಲಿಯ ಕಾಲೇಜು? ಆ ಕ್ಷಣದಲ್ಲಿ ಕೇಳುತ್ತಿರುವುದು ವೇಷವಲ್ಲ, ಮನುಷ್ಯ. ಆಗಲೂ 78ರಲ್ಲಿ ಒಂದು ಎಲೆ ತೆಗೆದು "ಹಳೆಯ ಗೋಪುರ ಬೀಳಲಿದೆ" ಎಂದರೆ, ಅದು ಆಟವೆಂದು ನಾವು ಒಪ್ಪುವಂತಿಲ್ಲ.

ಹಾಗಾದರೆ ತಕ್ಷಣ ವೇಷ ಕಳಚಿಬಿಡಬೇಕೆ? ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದರಲ್ಲಿ ಹುರುಳಿದೆ. ಅಪ್ಪ ಅಮ್ಮನೆದುರು ಬಾಯಿ ಬಾರದವನಿಗೆ ಯೋಧನ ವೇಷವಿದ್ದುದರಿಂದಲೇ ಬಾಯಿ ಬಂದಿರಬಹುದು. ಫಕ್ಕನೆ ದೀಪ ಹಾಕಿದರೆ ಅವನು ನಾಚಿ ಎದ್ದುಹೋದಾನು. ಆದ್ದರಿಂದ ನಮಗೆ ಸರಿಯೆನಿಸುವ ಮಾರ್ಗ ಇದು: ವೇಷದಲ್ಲಿ ಇದ್ದುಕೊಂಡು ಕೇಳಿಸಿಕೊಳ್ಳಬಹುದು, ವೇಷದಲ್ಲಿ ಇದ್ದುಕೊಂಡು ತೀರ್ಪು ಹೇಳಬಾರದು. "ಯೋಧನೇ, ಈ ಭಾರವನ್ನು ಎಷ್ಟು ದಿನದಿಂದ ಹೊತ್ತಿದ್ದೀಯೆ?" ಎನ್ನುವುದಕ್ಕೆ ಅಡ್ಡಿಯಿಲ್ಲ. ಉತ್ತರ ಕೊಡಬೇಕಾದ ಸರದಿ ಬಂದಾಗ ಜೋಡಿ ಕಂಸ ಹಾಕಿ, ತನ್ನದೇ ದನಿಯಲ್ಲಿ, "ನನಗೆ ನಿಜವಾಗಿ ಭವಿಷ್ಯ ಗೊತ್ತಿಲ್ಲ. ನಿನ್ನನ್ನು ಹತ್ತಿರದಿಂದ ಬಲ್ಲವರೊಬ್ಬರ ಹತ್ತಿರ ಮಾತಾಡು" ಎಂದು ಬರೆಯಬೇಕು. ಆ ಎರಡು ಗೆರೆಗಳ ನಡುವೆ ಇರುವುದು ಬರೀ ಆಟದ ಶಿಸ್ತಲ್ಲ, ಮನುಷ್ಯಧರ್ಮ.

ಮಕ್ಕಳನ್ನು "ಏನೋ ಈ ಬೂಟಾಟಿಕೆ?" ಎಂದು ಗದರುವ ಮುನ್ನ ದೊಡ್ಡವರಾದ ನಾವೂ ಒಂದಿಷ್ಟು ಯೋಚಿಸಬೇಕು. ಜಾತಕ ಕೂಡುತ್ತದೆಯೆ, ಮನೆ ಕೊಳ್ಳಲು ಈ ತಿಂಗಳು ಒಳ್ಳೆಯದೆ ಎಂದು ಊರಿಗೆ ಫೋನು ಮಾಡಿ ಕೇಳುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಅದನ್ನು ನಂಬುವುದು ಬಿಡುವುದು ಅವರವರ ಇಷ್ಟ. ಆದರೆ ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಾನಿಗೆ ಬಿತ್ತು ಎಂಬ ಗಾದೆಯನ್ನು ಕಟ್ಟಿದವರೂ ನಮ್ಮವರೇ. ಆಟದ ಹುಡುಗಿ ತಾನು ವೇಷ ಹಾಕಿದ್ದೇನೆಂದು ಬಲ್ಲಳು, ಕೇಳಿದರೆ ಒಪ್ಪಿಕೊಳ್ಳುತ್ತಾಳೆ. ಭವಿಷ್ಯ ಹೇಳುವವರೆಲ್ಲರಿಂದಲೂ ನಾವು ಅಷ್ಟನ್ನು ನಿರೀಕ್ಷಿಸಲಾದೀತೆ?

ಆದ್ದರಿಂದ ಆಟ ಬಿಡಿಸುವುದಕ್ಕಿಂತ, "ನಿನ್ನ ಮುಂದೆ ಕೂತು ಕೇಳುತ್ತಿರುವವರು ಯಾರು, ವೇಷವೋ ಮನುಷ್ಯರೋ?" ಎಂಬ ಒಂದು ಪ್ರಶ್ನೆಯನ್ನು ಮಕ್ಕಳಿಗೆ ಕಲಿಸಿದರೆ ಸಾಕೆಂದು ನಮಗೆ ತೋರುತ್ತದೆ. ಊಟದ ಹೊತ್ತಿಗೆ ಅವರನ್ನೇ ಕೇಳಿ ನೋಡಿ. ನಮಗಿಂತ ಚೆನ್ನಾಗಿ ಉತ್ತರಿಸಿದರೂ ಆಶ್ಚರ್ಯವಿಲ್ಲ.